ಏಡಿಗೆ ಎಷ್ಟು ಕಾಲು?

ಚಿಕ್ಕ ಮಕ್ಕಳಿಗೆ ‘ಹಸುವಿನ ಬಗ್ಗೆ ಐದು ವಾಕ್ಯ ಬರೆಯಿರಿ’ ಎಂದರೆ ಎಲ್ಲರ ಪಟ್ಟಿಯಲ್ಲೂ ಅವೇ ಐದು ವಾಕ್ಯ. ಹಸು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲು. ಹಸು ಹಾಲು ಕೊಡುತ್ತದೆ. ಓದುವವರಿಗೆ ಗೊತ್ತಿರುವುದನ್ನೇ ಬರೆಯುವಾಗ ಮಗು ಯಾಕೆ ತಲೆ ಓಡಿಸಬೇಕು? ಮಾಹಿತಿ ಬರೆಯಲು ಕಲಿಸಬೇಕೆಂದರೆ, ವಿಷಯ ನಿಜವಾಗಿಯೂ ಗೊತ್ತಿಲ್ಲದ ಓದುಗರೊಬ್ಬರು ಎದುರಿಗಿರಬೇಕು.

ನಮ್ಮ ತರಗತಿಯಲ್ಲಿ ಆ ಓದುಗರು ನಾನೇ. ನಾನು ಗದಗದ ಕಡೆಯವಳು, ಪಾಠ ಮಾಡುವುದು ಕುಮಟಾ ತಾಲ್ಲೂಕಿನ ಅಘನಾಶಿನಿ ನದಿ ದಂಡೆಯ ಶಾಲೆಯಲ್ಲಿ. ನಲಿ-ಕಲಿ ತರಗತಿ, ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಏಡಿ, ಬೆಳಚು ಎಂಬ ಚಿಪ್ಪುಜೀವಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಆ ಉಪ್ಪನ್ನು ತಾಳುವ ಕಗ್ಗದ ಭತ್ತ ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಏಡಿಯ ಪಾಠ ಹೇಳುತ್ತೇನೆ. ಮೊದಲು ಬರೀ ಮಾತು. ಆಮೇಲೆ ಚಿತ್ರ ಬರೆದು ಒಂದೊಂದು ಭಾಗಕ್ಕೂ ಹೆಸರು ಬರೆಯುವುದು. ಒಂದನೇ ತರಗತಿಯವರಿಗೆ ಅಷ್ಟೇ ಸಾಕು, ಅದೂ ಮಾಹಿತಿಯೇ. ದೊಡ್ಡ ಮಕ್ಕಳು ಕಾಗದದ ಚೀಟಿಗೆ ಒಂದೊಂದೇ ವಾಕ್ಯ ಬರೆಯುತ್ತಾರೆ. ‘ಏಡಿಗೆ ಎಂಟು ಕಾಲು’ ಎಂದು ಒಬ್ಬ ಬರೆದ, ಪಕ್ಕದವಳು ಹತ್ತು ಎಂದಳು. ಜಗಳ ಜೋರಾಯಿತು. ನಾನು ತೀರ್ಪು ಕೊಡಲಿಲ್ಲ. ಮರುದಿನ ಒಂದು ಮಗುವಿನ ತಾಯಿ ಕೈಗಳಿಗೆ ಹಗ್ಗ ಬಿಗಿದ ಏಡಿಯನ್ನೇ ತಂದುಕೊಟ್ಟರು. ಎಲ್ಲರೂ ಬಗ್ಗಿ ಎಣಿಸಿದರು. ಹಿಂದಿನ ಎರಡು ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇರುವುದು ಆಗ ಕಣ್ಣಿಗೆ ಬಿತ್ತು. ಕೊನೆಗೆ ಚೀಟಿಗೆ ಬಂದ ವಾಕ್ಯ ಇದು: ‘ಏಡಿಗೆ ನಡೆಯಲು ಆರು, ಈಜಲು ಎರಡು, ಹಿಡಿಯಲು ಎರಡು.’ ಆ ಒಂದು ವಾಕ್ಯಕ್ಕೆ ಎರಡು ದಿನ ಹೋದರೂ ನನಗೆ ಬೇಸರವಿಲ್ಲ.

‘ನಿನಗೆ ಹೇಗೆ ಗೊತ್ತು?’ ನಾನು ಹೆಚ್ಚು ಕೇಳುವ ಪ್ರಶ್ನೆ ಇದೇ. ಹೊಟ್ಟೆಯ ಮುಚ್ಚಳ ಅಗಲ ಇದ್ದರೆ ಹೆಣ್ಣು, ಚೂಪಗಿದ್ದರೆ ಗಂಡು ಎಂದು ಬರೆದವಳನ್ನೂ ಕೇಳಿದೆ. ‘ಅಜ್ಜಿ ತೋರಿಸ್ತು ಅಕ್ಕೋರೆ’ ಎಂದಳು. ಹಾಗಾದರೆ ಅದನ್ನೂ ಬರೆ ಎಂದೆ. ಕಂಡದ್ದು, ಕೇಳಿದ್ದು, ಓದಿದ್ದು ಬೇರೆ ಬೇರೆ ಎಂಬುದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ‘ಏಡಿ ಸಾರು ಬಹಳ ರುಚಿ’ ಎಂಬ ಚೀಟಿಯನ್ನು ಮಕ್ಕಳೇ ಬೇರೆ ಇಟ್ಟರು, ಅದು ಎಲ್ಲರಿಗೂ ನಿಜವಲ್ಲವಂತೆ.

ನಂತರ ಚೀಟಿಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡುವುದು: ಹೇಗಿದೆ, ಎಲ್ಲಿರುತ್ತದೆ, ಏನು ತಿನ್ನುತ್ತದೆ. ಒಂದು ಗುಂಪಿನ ಚೀಟಿ ಸೇರಿದರೆ ಒಂದು ಪ್ಯಾರಾ. ಪ್ಯಾರಾ ಎಂದರೇನು ಎಂದು ಬೇರೆಯಾಗಿ ಹೇಳಿಕೊಡುವ ಪ್ರಸಂಗವೇ ಬರುವುದಿಲ್ಲ. ಕಾಗುಣಿತ ತಿದ್ದುವುದು ಎಲ್ಲಕ್ಕಿಂತ ಕೊನೆಗೆ. ಮನೆಯಲ್ಲಿ ಕೊಂಕಣಿ ಆಡುವ ಮಗು ‘ಕುರ್ಲಿ’ ಎಂದು ಬರೆದರೆ ಅದೂ ಇರಲಿ, ಪಕ್ಕದಲ್ಲಿ ‘ಏಡಿ’ ಸೇರಿಸಿದರಾಯಿತು.

ಮೂರನೇ ತರಗತಿಯವರಿಗೆ ಈಗ ‘ಯಾಕೆ’ ಶುರುವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಯಾಕೆ ಎಂದು ಮನೆಯಲ್ಲಿ ಕೇಳಿಕೊಂಡು ಬಂದು ನನಗೆ ಬರೆದು ತಿಳಿಸಬೇಕು.