ಮುಂಬಯಿಯ ಇನ್ನೊಬ್ಬ ಆಶಾ

ಮುಂಬಯಿಯಲ್ಲಿ ಆಶಾ ಎಂಬ ಗಾಯಕಿಯ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಆಶಾ ಭೋಸ್ಲೆ. ಆದರೆ ಇದೇ ನಗರದಲ್ಲಿ ಹುಟ್ಟಿ ಬೆಳೆದು, 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲೂ ಯುರೋಪಿನಲ್ಲೂ ಧ್ವನಿಮುದ್ರಿಕೆಗಳನ್ನು ತಂದ ಆಶಾ ಪುಥ್ಲಿ ಅವರ ಹೆಸರನ್ನು ಮಾಟುಂಗಾ, ಡೊಂಬಿವಲಿಗಳ ನಮ್ಮ ಕನ್ನಡ ವಲಯದಲ್ಲಿ ಹೇಳಿದರೆ ಹೆಚ್ಚಿನವರು ಗುರುತಿಸುವುದಿಲ್ಲ. ಹಿಂದುಸ್ತಾನಿ ಸಂಗೀತದ ಖಯಾಲ್ ಗಾಯನವನ್ನು ಮನಸಾರೆ ಕೇಳುವ ನಮ್ಮಂಥವರೇ ಅವರ ನಿಜವಾದ ಶ್ರೋತೃಗಳಾಗಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕ್ಕ ವಯಸ್ಸಿನಲ್ಲೇ ಅವರು ಶಾಸ್ತ್ರೀಯ ಸಂಗೀತವನ್ನೂ ಪಾಶ್ಚಾತ್ಯ ಆಪೆರಾ ಗಾಯನವನ್ನೂ ಕಲಿತರು. ರೇಡಿಯೋದಲ್ಲಿ ಜಾಝ್ ಮತ್ತು ಪಾಪ್ ಕೇಳಿದರು. ಆಗಿನ ಬಾಂಬೆಗೆ ಜಾಝ್ ಹೊಸತೇನಲ್ಲ. 1930ರ ದಶಕದಿಂದಲೇ ತಾಜ್ ಹೋಟೆಲಿನಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ನುಡಿಸಿದ್ದರು. ಆ ವಿದ್ಯೆಯನ್ನು ಮೈಗೂಡಿಸಿಕೊಂಡ ಗೋವಾದ ವಾದಕರು ರಾತ್ರಿ ಹೋಟೆಲುಗಳಲ್ಲಿಯೂ ಹಗಲು ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿಯೂ ದುಡಿಯುತ್ತಿದ್ದರು. ಈ ವಾತಾವರಣದಲ್ಲೇ ಆಶಾ 1968ರಲ್ಲಿ 'ದ ಸರ್ಫರ್ಸ್' ಎಂಬ ತಂಡದೊಂದಿಗೆ ಒಂದು ಚಿಕ್ಕ ರೆಕಾರ್ಡಿಗೆ ಹಾಡಿದರು. ಲೇಖಕ ವೇದ್ ಮೆಹ್ತಾ 1970ರಲ್ಲಿ ಪ್ರಕಟವಾದ ತಮ್ಮ ಭಾರತ ಕುರಿತ ಪುಸ್ತಕದಲ್ಲಿ ಅವರ ಬಗ್ಗೆ ಬರೆದರು. ಕೆಲಕಾಲ ಬ್ರಿಟಿಷ್ ವಿಮಾನ ಸಂಸ್ಥೆಯೊಂದರಲ್ಲಿ ಗಗನಸಖಿಯಾಗಿದ್ದು, ಬಳಿಕ ಅಮೆರಿಕದ ಆಧುನಿಕ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಅವರ ನೃತ್ಯಶಾಲೆಯ ವಿದ್ಯಾರ್ಥಿವೇತನ ಪಡೆದು ಅವರು ನ್ಯೂಯಾರ್ಕ್ ಸೇರಿದರು. ಬಿಲ್ಲಿ ಹಾಲಿಡೇ, ಬಾಬ್ ಡಿಲನ್ ಅವರಂಥ ಗಾಯನ ಪ್ರತಿಭೆಗಳನ್ನು ಗುರುತಿಸಿದ್ದ ಧ್ವನಿಮುದ್ರಿಕೆ ನಿರ್ಮಾಪಕ ಜಾನ್ ಹ್ಯಾಮಂಡ್ ಇವರ ಕಂಠವನ್ನೂ ಗುರುತಿಸಿದರು.

ಅಲ್ಲಿಂದ ಅವರ ದಾರಿ ಆರ್ನೆಟ್ ಕೋಲ್ಮನ್ ಅವರತ್ತ ಹೊರಳಿತು. ಜಾಝ್‌ನಲ್ಲಿ ಸ್ವರಸಂಗತಿಗಳ ಪೂರ್ವನಿಶ್ಚಿತ ಚೌಕಟ್ಟನ್ನೇ ಕಿತ್ತುಹಾಕಿದ ಸ್ಯಾಕ್ಸೋಫೋನ್ ವಾದಕ ಕೋಲ್ಮನ್ 1971ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 'ಸೈನ್ಸ್ ಫಿಕ್ಷನ್' ಆಲ್ಬಮ್ಮನ್ನು ಧ್ವನಿಮುದ್ರಿಸುತ್ತಿದ್ದಾಗ, ಅದರ ಎರಡು ಹಾಡುಗಳಿಗೆ ಆಶಾ ಪುಥ್ಲಿಯವರ ಕಂಠವನ್ನು ಆರಿಸಿಕೊಂಡರು: 'ವಾಟ್ ರೀಸನ್ ಕುಡ್ ಐ ಗಿವ್' ಮತ್ತು 'ಆಲ್ ಮೈ ಲೈಫ್'. ಹಿನ್ನೆಲೆಯಲ್ಲಿ ಬಿಲ್ಲಿ ಹಿಗ್ಗಿನ್ಸ್ ಮತ್ತು ಎಡ್ ಬ್ಲ್ಯಾಕ್‌ವೆಲ್ ಎಂಬ ಇಬ್ಬರು ಡ್ರಮ್ ವಾದಕರು ಏಕಕಾಲಕ್ಕೆ ನುಡಿಸುತ್ತಾರೆ, ಚಾರ್ಲಿ ಹೇಡನ್ ಅವರ ಬೇಸ್ ತನ್ನದೇ ದಾರಿಯಲ್ಲಿ ಸಾಗುತ್ತದೆ, ತುತ್ತೂರಿ ಮತ್ತು ಸ್ಯಾಕ್ಸೋಫೋನುಗಳು ಹಾಡಿನ ಮಟ್ಟನ್ನು ಗಾಯಕಿಯೊಂದಿಗೆ ಒಟ್ಟಾಗಿ ಹಿಡಿಯುತ್ತವೆ. ಆಧಾರಕ್ಕೆ ನೆಚ್ಚಿಕೊಳ್ಳಬಹುದಾದ ಲಯದ ಸ್ಪಷ್ಟವಾದ ಆವರ್ತವೂ ಇಲ್ಲ, ನಿಲ್ಲಲು ತಂಬೂರಿಯ ಷಡ್ಜವೂ ಇಲ್ಲ. ಅಂಥ ಕಡೆ ಈ ಹುಡುಗಿ ಸ್ವರದಿಂದ ಸ್ವರಕ್ಕೆ ಜಿಗಿಯದೆ ಮೀಂಡಿನಲ್ಲಿ ಜಾರುತ್ತಾ, ಉಸಿರನ್ನು ಹದವಾಗಿ ಬಳಸುತ್ತಾ, ಪದದ ಕೊನೆಯ ಸ್ವರವನ್ನು ನಡುಗಿಸದೆ ನಿಲ್ಲಿಸುತ್ತಾರೆ. ಹಿಂದುಸ್ತಾನಿ ಗಾಯನದ ಕಿರಾನಾ ಘರಾಣೆಯ ವಿಲಂಬಿತವನ್ನು, ಅಂದರೆ ನಿಧಾನಗತಿಯ ಗಾಯನವನ್ನು, ಕೇಳಿ ಬೆಳೆದ ಯಾರಿಗೇ ಆಗಲಿ, ಈ ಜಾರುವಿಕೆಯ ಮೂಲ ಎಲ್ಲಿಯದೆಂದು ವಿವರಿಸಬೇಕಾಗಿಲ್ಲ. ಪಾಶ್ಚಾತ್ಯ ವಿಮರ್ಶಕರು ಅದನ್ನು 'ಪೌರ್ವಾತ್ಯ ಸೊಗಡು' ಎಂದು ಕರೆದು ಮುಂದೆ ಸಾಗಿದರೆ ನನಗೆ ತೃಪ್ತಿಯಾಗುವುದಿಲ್ಲ, ಏಕೆಂದರೆ ಅದು ಸೊಗಡಲ್ಲ, ವರ್ಷಗಟ್ಟಲೆ ಸಾಧನೆಯಿಂದ ಬಂದ ವಿದ್ಯೆ.

ಎರಡೂ ಹಾಡುಗಳ ಅವಧಿ ಮೂರು, ನಾಲ್ಕು ನಿಮಿಷಗಳಷ್ಟೇ. ಇಲ್ಲಿ ನನಗೆ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. 1930ರ ದಶಕದಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಬಂದು 'ಗಾಂಧಾರಿ' ಎಂಬ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಅವರೂ, ಅದೇ ಕಾಲದಲ್ಲಿ ಧ್ವನಿಮುದ್ರಣ ಮಾಡಿದ ಮಲ್ಲಿಕಾರ್ಜುನ ಮನ್ಸೂರರೂ ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಮೂರು ನಿಮಿಷಗಳಲ್ಲಿ ಪೂರ್ಣವಾಗಿ ತೋರಿಸುವ ಕಲೆಯನ್ನು ಕರಗತ ಮಾಡಿಕೊಂಡಿದ್ದರು. ಆಶಾ ಅವರ ಈ ಎರಡು ಹಾಡುಗಳಲ್ಲಿಯೂ ಅದೇ ಮಿತವ್ಯಯ ನನಗೆ ಕೇಳಿಸುತ್ತದೆ.

ಕೋಲ್ಮನ್ ಜೊತೆಗಿನ ಕೆಲಸ ವಿಮರ್ಶಕರ ಗೌರವ ತಂದಿತಾದರೂ ಅವರು ಅಲ್ಲಿಯೇ ನಿಲ್ಲಲಿಲ್ಲ. 1973ರಲ್ಲಿ ಸಿ.ಬಿ.ಎಸ್. ಕಂಪನಿಗಾಗಿ ಡೆಲ್ ನ್ಯೂಮನ್ ನಿರ್ಮಾಣದಲ್ಲಿ ಮೊದಲ ಏಕವ್ಯಕ್ತಿ ಆಲ್ಬಮ್ ಬಂದಿತು, 1976ರಲ್ಲಿ 'ದ ಡೆವಿಲ್ ಈಸ್ ಲೂಸ್'. ಇವು ಯುರೋಪಿನ ಮಾರುಕಟ್ಟೆಗೆಂದೇ ತಯಾರಾದವು. ಅವರು ನೆಲೆಸಿದ್ದ ಅಮೆರಿಕದಲ್ಲಿ ಕೇಳಬೇಕೆಂದರೆ ಆಮದಾದ ಪ್ರತಿಯನ್ನೇ ಹುಡುಕಬೇಕಿತ್ತು. ಹಾಗಿದ್ದೂ 1976ರ ಆಲ್ಬಮ್ಮಿನ 'ಸ್ಪೇಸ್ ಟಾಕ್' ಎಂಬ ಹಾಡು ನ್ಯೂಯಾರ್ಕಿನಲ್ಲಿ ಡೇವಿಡ್ ಮ್ಯಾಂಕುಸೊ ನಡೆಸುತ್ತಿದ್ದ 'ದ ಲಾಫ್ಟ್' ಎಂಬ ಖಾಸಗಿ ನೃತ್ಯಕೂಟಗಳಲ್ಲಿ ಅಚ್ಚುಮೆಚ್ಚಾಯಿತು. ಹಾಡನ್ನು ಕತ್ತರಿಸದೆ, ಮತ್ತೊಂದರೊಳಗೆ ಬೆರೆಸದೆ, ಶ್ರೇಷ್ಠ ಧ್ವನಿವ್ಯವಸ್ಥೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಕೇಳಿಸುವುದು ಮ್ಯಾಂಕುಸೊ ಅವರ ಪದ್ಧತಿಯಾಗಿತ್ತು. ಪಿಸುಮಾತಿನಷ್ಟು ಮೆಲುವಾದ ಆ ಗಾಯನಕ್ಕೆ ಅದಕ್ಕಿಂತ ಯೋಗ್ಯವಾದ ಸ್ಥಳ ಇನ್ನೊಂದಿರಲಾರದು. 1997ರಲ್ಲಿ ರ್‍ಯಾಪ್ ಗಾಯಕ ನಟೋರಿಯಸ್ ಬಿ.ಐ.ಜಿ. ಅವರ ಮರಣಾನಂತರ ಹೊರಬಂದ ಆಲ್ಬಮ್ಮಿನಲ್ಲಿ ಅದೇ ಹಾಡಿನ ತುಣುಕನ್ನು ಬಳಸಲಾಯಿತು. ಲಕ್ಷಾಂತರ ಜನರು ಹೆಸರೇ ತಿಳಿಯದೆ ಆ ಸಂಗೀತವನ್ನು ಕೇಳಿದರು ಎಂಬುದು ನನಗೆ ಹೆಮ್ಮೆಯನ್ನೂ ಕಸಿವಿಸಿಯನ್ನೂ ಒಟ್ಟಿಗೇ ತರುತ್ತದೆ.

ನಂತರದ ಆಲ್ಬಮ್ಮುಗಳು ನನ್ನನ್ನು ಅಷ್ಟಾಗಿ ಹಿಡಿದಿಟ್ಟಿಲ್ಲ. ಆದರೆ 2006ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಾಡಿದ ಅವರು, ಎಂಬತ್ತರ ಹೊಸ್ತಿಲಲ್ಲಿ, 2024ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿದರು. ಹಳೆಯ ಹಾಡುಗಳು ಈಗ ಮರುಬಿಡುಗಡೆಯಾಗಿ ಸುಲಭವಾಗಿ ಸಿಗುತ್ತಿವೆ.

ಹೊಸದಾಗಿ ಕೇಳುವವರು 'ಸ್ಪೇಸ್ ಟಾಕ್'ನಿಂದ ಆರಂಭಿಸುವುದು ವಾಡಿಕೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಛೇರಿಗಳಿಗೆ ತಪ್ಪದೆ ಬರುವ ನನ್ನ ಗೆಳೆಯರಿಗೆ ನಾನು ಬೇರೆ ಕ್ರಮವನ್ನು ಸೂಚಿಸುತ್ತೇನೆ: ಮೊದಲು 'ಆಲ್ ಮೈ ಲೈಫ್' ಕೇಳಿರಿ, ಡ್ರಮ್ಮುಗಳ ಗದ್ದಲಕ್ಕೆ ಬೆದರದೆ ಕಂಠವೊಂದನ್ನೇ ಹಿಂಬಾಲಿಸಿರಿ, ಅನಂತರ 1973ರ ಆಲ್ಬಮ್ಮಿಗೆ ಬನ್ನಿರಿ.