ಮಗಳನ್ನು ದೆಹಲಿಗೆ ಕಳುಹಿಸಬಹುದೇ?

ಊರಿನಿಂದ ಫೋನ್ ಬಂದರೆ ಯೋಗಕ್ಷೇಮದ ಮಾತು ಮುಗಿಯುವ ಮೊದಲೇ ಈ ಪ್ರಶ್ನೆ ಬರುತ್ತದೆ: "ಮಗಳಿಗೆ ದೆಹಲಿಯಲ್ಲಿ ಸೀಟು ಸಿಕ್ಕಿದೆ. ಕಳುಹಿಸಬಹುದೇ? ಯಾವ ಬಡಾವಣೆ ಸುರಕ್ಷಿತ?"

ಕೇಳುವವರ ಕಣ್ಣ ಮುಂದೆ 2012ರ ಡಿಸೆಂಬರ್ 16ರಂದು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ದೆಹಲಿಯ ಆ ಬಸ್ ಇರುತ್ತದೆ. ಆ ವರ್ಷ ದೆಹಲಿಯಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 706, ಮರುವರ್ಷ 1,636. ಒಂದೇ ವರ್ಷದಲ್ಲಿ ನಗರ ಎರಡು ಪಟ್ಟು ಕೆಟ್ಟುಹೋಯಿತೆಂದು ನಾನು ನಂಬುವುದಿಲ್ಲ. ನಡುವೆ ಕಾನೂನು ಬದಲಾಯಿತು. ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು, ಇಂಥ ದೂರನ್ನು ದಾಖಲಿಸಿಕೊಳ್ಳದ ಪೊಲೀಸರಿಗೇ ಜೈಲು ಎಂದಾಯಿತು. ಮುಚ್ಚಿಟ್ಟ ಸಂಕಟಗಳು ಠಾಣೆಯ ಮೆಟ್ಟಿಲು ಹತ್ತಿದವು. ಅಂಕಿ ತೀರ ಕಡಿಮೆ ಇರುವ ಊರುಗಳ ಬಗ್ಗೆಯೇ ನನಗೆ ಹೆಚ್ಚು ಆತಂಕ.

ಇನ್ನು ಬಡಾವಣೆಯ ಮಾತು. 2013ರಲ್ಲಿ ದೇಶದಾದ್ಯಂತ ದಾಖಲಾದ 33,707 ಪ್ರಕರಣಗಳಲ್ಲಿ ನೂರಕ್ಕೆ 94ರಷ್ಟರಲ್ಲಿ ಆರೋಪಿ ಪರಿಚಿತನೇ. ಅದೇ ವರ್ಷ ದೆಹಲಿಯ ಜಿಲ್ಲಾ ನ್ಯಾಯಾಲಯಗಳು ಕೊಟ್ಟ ತೀರ್ಪುಗಳನ್ನು ಪತ್ರಕರ್ತೆ ರುಕ್ಮಿಣಿ ಎಸ್. ಒಂದೊಂದಾಗಿ ಓದಿದರು. ವಿಚಾರಣೆ ಪೂರ್ಣಗೊಂಡ 460 ಪ್ರಕರಣಗಳಲ್ಲಿ ಸುಮಾರು ಶೇ 40 ಒಪ್ಪಿತ ಸಂಬಂಧದಂತೆ ಕಂಡಂಥವು; ಹೆಚ್ಚಾಗಿ, ಓಡಿಹೋದ ಜೋಡಿಯ ಹುಡುಗನ ಮೇಲೆ ಹುಡುಗಿಯ ಹೆತ್ತವರು ಕೊಟ್ಟ ದೂರುಗಳು. ಕಾಲು ಭಾಗ, ಮದುವೆಯಾಗುವುದಾಗಿ ನಂಬಿಸಿ ಕೈಬಿಟ್ಟ ಆರೋಪಗಳು. ಉಳಿದವುಗಳಲ್ಲಿ ಎದ್ದು ಕಂಡದ್ದು ಕೊಳೆಗೇರಿಗಳ ಎಳೆಯ ಮಕ್ಕಳ ಮೇಲೆ ನಡೆದ ದೌರ್ಜನ್ಯ. ಗುರುತೇ ಇಲ್ಲದವನು ಎರಗಿದ ಪ್ರಕರಣಗಳು ತೀರ ಕಡಿಮೆ. ಆ ಮಕ್ಕಳ ತಾಯಂದಿರು ಯಾರೂ ನನಗೆ ಫೋನ್ ಮಾಡಿ ಬಡಾವಣೆ ವಿಚಾರಿಸುವುದಿಲ್ಲ. ಬಾಡಿಗೆ ಎಲ್ಲಿ ಎಟಕುತ್ತದೋ ಅಲ್ಲಿಯೇ ಅವರ ಬದುಕು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕಳುಹಿಸಿ, ಎಂಬುದೇ ನನ್ನ ಉತ್ತರ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅತ್ಯಾಚಾರಕ್ಕೊಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಎಂಬುದು ಅವಳಿಗೆ ತಿಳಿದಿರಲಿ. "ಅಲ್ಲಿ ನಮ್ಮವರೊಬ್ಬರಿದ್ದಾರೆ, ನೋಡಿಕೊಳ್ಳುತ್ತಾರೆ" ಎನ್ನುತ್ತೀರಲ್ಲ, ಆ ನಮ್ಮವರೇ ಮೈಮೇಲೆ ಕೈ ಹಾಕಿದರೆ ಅವಳು ನಿಮಗೆ ಹೇಳಬಲ್ಲಳೇ? ಹೇಳಿದರೆ ಓದು ಬಿಡಿಸಿ ಊರಿಗೆ ಕರೆದೊಯ್ಯುತ್ತಾರೆಂಬ ಭಯಕ್ಕೆ ಬಾಯಿ ಮುಚ್ಚಿಕೊಂಡ ಹುಡುಗಿಯರನ್ನು ನಾನು ಬಲ್ಲೆ. ಹಾಗೆ ಮಾಡುವುದಿಲ್ಲವೆಂದು ರೈಲು ಹತ್ತುವ ಮೊದಲೇ ಅವಳಿಗೆ ಮಾತು ಕೊಡಿ.