ಕಾವೀತಾದಲ್ಲಿ ಒಂದು ಸಣ್ಣ ರಜೆ

ಕೆರಿಬಿಯನ್ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬಿಳಿ ಮರಳು, ತಿಳಿನೀಲಿ ನೀರು, ಮತ್ತು ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಕಾಲಿಡದೆ ಉಂಡು ಮಲಗುವ ದೊಡ್ಡ ದೊಡ್ಡ ರೆಸಾರ್ಟುಗಳು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಕೆರಿಬಿಯನ್ ಕರಾವಳಿಯಲ್ಲಿರುವ ಕಾವೀತಾ ಎಂಬ ಪುಟ್ಟ ಊರಿನಲ್ಲಿ ಅಂಥ ರೆಸಾರ್ಟುಗಳಿಲ್ಲ. ಅಲ್ಲಿನ ಮರಳು ಕೂಡ ಊರಿನ ಒಂದು ಬದಿಯಲ್ಲಿ ಬಿಳಿ, ಇನ್ನೊಂದು ಬದಿಯಲ್ಲಿ ಕಪ್ಪು. ಮಕ್ಕಳಿಗೆ ಶಾಲೆಯಿಂದ ಸಿಕ್ಕಿದ್ದು ಚಿಕ್ಕ ರಜೆ, ನಮ್ಮ ಜೊತೆಗೆ ಕುಂದಾಪುರದಿಂದ ಬಂದಿದ್ದ ಅಮ್ಮ ಬೇರೆ. ಹೀಗಿರುವಾಗ ದಿನಕ್ಕೊಂದು ಊರು ಸುತ್ತುವ ಬದಲು ನಡೆದೇ ನೋಡಿ ಮುಗಿಸಬಹುದಾದ ಒಂದೇ ಊರಿನಲ್ಲಿ ಉಳಿಯೋಣ ಎಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದೆವು.

ಹೋಗಿದ್ದು ಅಕ್ಟೋಬರಿನಲ್ಲಿ. ಆ ತಿಂಗಳು ಕೋಸ್ಟರಿಕಾಕ್ಕೆ ಹೋಗುತ್ತೇವೆ ಎಂದಾಗ ಸ್ನೇಹಿತರು ಹುಬ್ಬೇರಿಸಿದ್ದರು, ಏಕೆಂದರೆ ಆ ದೇಶದ ಪೆಸಿಫಿಕ್ ಬದಿಯಲ್ಲಿ ಆಗ ಮಳೆ ಬಲು ಜೋರು. ಆದರೆ ನಡುವಿನ ಬೆಟ್ಟಸಾಲು ದಾಟಿದರೆ ಲೆಕ್ಕವೇ ಬೇರೆಯಾಗುತ್ತದೆ. ಕೆರಿಬಿಯನ್ ಬದಿಯಲ್ಲಿ ವರ್ಷವಿಡೀ ಮಳೆಯಿದ್ದರೂ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅದು ಬಹುಮಟ್ಟಿಗೆ ಬಿಡುವು ಕೊಡುತ್ತದೆ, ಸಮುದ್ರವೂ ಶಾಂತವಾಗಿ ನೀರು ತಿಳಿಯಾಗುತ್ತದೆ. ರಾಜಧಾನಿ ಸಾನ್ ಹೊಸೆಯಿಂದ ಊರು ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. 32ನೆಯ ಹೆದ್ದಾರಿ ಬ್ರೌಲಿಯೊ ಕರಿಯೊ ರಾಷ್ಟ್ರೀಯ ಉದ್ಯಾನದ ಮೋಡ ಮುಸುಕಿದ ಕಾಡನ್ನು ಸೀಳಿಕೊಂಡು ಇಳಿದು ಲಿಮೋನ್ ಬಂದರನ್ನು ಮುಟ್ಟುತ್ತದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕಡಲನ್ನು ಎಡಕ್ಕಿಟ್ಟುಕೊಂಡು ಸಾಗಬೇಕು.

ಊರಿನ ಮುಖ್ಯ ಬೀದಿ ಮುಗಿಯುವಲ್ಲಿ ಕೆಲಿ ಎಂಬ ಪುಟ್ಟ ತೊರೆಯಿದೆ. ಅದನ್ನು ದಾಟಿದರೆ ಕಾವೀತಾ ರಾಷ್ಟ್ರೀಯ ಉದ್ಯಾನ. ಟಿಕೆಟ್ ಕೌಂಟರನ್ನು ನಿರೀಕ್ಷಿಸಿದ್ದ ನಮಗೆ ಅಲ್ಲಿ ಸಿಕ್ಕಿದ್ದು ಹೆಸರು ಬರೆಯುವ ಪುಸ್ತಕ ಮತ್ತು ಕಾಣಿಕೆಯ ಪೆಟ್ಟಿಗೆ. ಎಷ್ಟು ಹಾಕಬೇಕೆಂಬುದು ನಮಗೇ ಬಿಟ್ಟದ್ದು. ಇದರ ಹಿಂದೆ ಒಂದು ಜಗಳದ ಕಥೆಯಿದೆ. 1970ರಲ್ಲಿ ಈ ಭೂಶಿರವನ್ನೂ ಅದರ ಮುಂದಿನ ಹವಳದ ದಿಬ್ಬವನ್ನೂ ಸರ್ಕಾರ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಗಿಸಿದಾಗ, ತಲೆಮಾರುಗಳಿಂದ ಅಲ್ಲಿ ತೆಂಗು, ಕೋಕೋ ಬೆಳೆದು ಮೀನು ಹಿಡಿದು ಬದುಕಿದ್ದವರಿಗೆ ತಮ್ಮ ನೆಲ ಕೈತಪ್ಪುತ್ತದೆಂಬ ಅಳುಕು ಹುಟ್ಟಿತ್ತು. 1994ರಲ್ಲಿ ವಿದೇಶಿಯರ ಪ್ರವೇಶ ಶುಲ್ಕವನ್ನು 15 ಡಾಲರಿಗೆ ಏರಿಸಿದಾಗ, ಪ್ರವಾಸಿಗರು ಬಾರದಿದ್ದರೆ ಊಟಕ್ಕೇನು ಗತಿ ಎಂದು ಊರೇ ಎದ್ದು ನಿಂತಿತು. ಕೊನೆಗೆ ಉದ್ಯಾನವನ್ನು ಸರ್ಕಾರವೂ ಊರಿನವರೂ ಸೇರಿ ನಡೆಸುವ ವ್ಯವಸ್ಥೆ ರೂಪುಗೊಂಡು, ಊರಿನ ಕಡೆಯ ಬಾಗಿಲಲ್ಲಿ ಕೊಟ್ಟಷ್ಟು ಪಡೆಯುವ ಪದ್ಧತಿ ಉಳಿಯಿತು. ಇನ್ನೊಂದು ತುದಿಯಾದ ಪುಯೆರ್ತೊ ವರ್ಗಾಸ್‌ನಲ್ಲಿ ಮಾತ್ರ ನಿಗದಿತ ಶುಲ್ಕವಿದೆ. ಎಷ್ಟು ಹಾಕುವುದು ನ್ಯಾಯ ಎಂದು ನನ್ನ ಮಗಳು ದಾರಿಯುದ್ದಕ್ಕೂ ಚರ್ಚೆ ಮಾಡಿದಳು. ಕೊಟ್ಟಿದ್ದು ಹೆಚ್ಚಾಯಿತೆಂದು ನನಗಂತೂ ಅನಿಸಲಿಲ್ಲ.

ಎರಡು ಬಾಗಿಲುಗಳ ನಡುವಿನ ಕಾಲುದಾರಿ ಸುಮಾರು 8 ಕಿಲೋಮೀಟರ್. ಏರಿಳಿತವಿಲ್ಲದ ಸಮತಟ್ಟು ನೆಲ. ಎಡಕ್ಕೆ ಕಡಲು, ಬಲಕ್ಕೆ ಜೌಗು ಕಾಡು, ನಡುವೆ ಕೆಲವೇ ಮಾರು ಅಗಲದ ಮರಳು. ಸೆಖೆಯಾದರೆ ಹತ್ತು ಹೆಜ್ಜೆ ಎಡಕ್ಕೆ ಹೋಗಿ ನೀರಿಗಿಳಿಯಬಹುದು, ಬಿಸಿಲಾದರೆ ಹತ್ತು ಹೆಜ್ಜೆ ಬಲಕ್ಕೆ ಬಂದು ನೆರಳಲ್ಲಿ ಕೂರಬಹುದು. ಎಪ್ಪತ್ತು ದಾಟಿದ ಅಮ್ಮನಿಗೂ ಏಳು ವರ್ಷದ ಮಗನಿಗೂ ಒಟ್ಟಿಗೆ ಒಪ್ಪುವ ಇಂಥ ಜಾಗ ಸುಲಭವಾಗಿ ಸಿಗುವುದಿಲ್ಲ. ಅಮ್ಮ ಅರ್ಧ ದಾರಿಯಲ್ಲೇ ಒಂದು ಮರದ ದಿಮ್ಮಿ ಹಿಡಿದು ಕುಳಿತು, "ನೀವು ಹೋಗಿ ಬನ್ನಿ, ನಾನು ಸಮುದ್ರ ನೋಡ್ತಾ ಇರ್ತೇನೆ" ಎಂದರು. ನಾವು ಹಿಂದಿರುಗುವಷ್ಟರಲ್ಲಿ ನಮಗಿಂತ ಹೆಚ್ಚು ಪ್ರಾಣಿಗಳನ್ನು ಅವರೇ ನೋಡಿದ್ದರು.

ಪ್ರಾಣಿಗಳ ವಿಷಯದಲ್ಲಿ ಈ ಕಾಡು ಧಾರಾಳಿ. ಬೆಳಗಾಗುವ ಮೊದಲೇ ಹೌಲರ್ ಕೋತಿಗಳ ಗರ್ಜನೆ ನಮ್ಮ ಕೋಣೆಯವರೆಗೂ ಕೇಳುತ್ತಿತ್ತು, ಮಗ ಮೊದಲ ದಿನ ಅದನ್ನು ಹುಲಿಯೆಂದೇ ನಂಬಿದ್ದ. ಬಿಳಿಮೊಗದ ಕಪೂಚಿನ್ ಕೋತಿಗಳು ಸದ್ದಿಲ್ಲದ ಕಳ್ಳರು. ಚೀಲದ ಜಿಪ್ ಎಳೆಯುವುದು ಅವುಗಳಿಗೆ ಚೆನ್ನಾಗಿ ಗೊತ್ತು. ಪ್ರಾಣಿಗಳಿಗೆ ತಿನ್ನಿಸುವುದನ್ನು ಇಲ್ಲಿ ನಿಷೇಧಿಸಿದ್ದಾರೆ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನೂ ಒಳಗೆ ಒಯ್ಯುವಂತಿಲ್ಲ. ಹಳದಿ ಬಣ್ಣದ ಒಂದು ಸಣ್ಣ ಹಾವು ಕಾಲುದಾರಿಯ ಪಕ್ಕದ ಕೊಂಬೆಗೆ ಸುತ್ತಿಕೊಂಡಿತ್ತು. ಅದು ವಿಷದ ಹಾವು, ಮುಟ್ಟದಿದ್ದರೆ ಅದರ ಪಾಡಿಗೆ ಅದಿರುತ್ತದೆ ಎಂದು ನಮ್ಮ ಮಾರ್ಗದರ್ಶಿ ಹೇಳಿದ ಮೇಲೆ ಹೆಂಡತಿ ಯಾವ ಮರಕ್ಕೂ ಕೈಯೂರಲಿಲ್ಲ. ಸ್ಲಾತ್ ಎಂಬ ಸೋಮಾರಿ ಪ್ರಾಣಿಯನ್ನು ತೋರಿಸಲು ಆತ ದೂರದರ್ಶಕವನ್ನು ಹೊತ್ತು ತಂದಿದ್ದ. ಎಲೆಗಳನ್ನು ಅರಗಿಸಿಕೊಳ್ಳಲು ದಿನಗಟ್ಟಲೆ ತೆಗೆದುಕೊಳ್ಳುವ ಮೂರು ಬೆರಳಿನ ಸ್ಲಾತ್, ಸುಮಾರು ವಾರಕ್ಕೊಮ್ಮೆ ಮಾತ್ರ ಮಲವಿಸರ್ಜನೆಗೆಂದು ಮರದಿಂದ ಇಳಿಯುತ್ತದೆ ಎಂಬ ಸಂಗತಿ ನನ್ನ ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಅತ್ಯಂತ ಮಹತ್ವದ ಜ್ಞಾನವಾಗಿ ಉಳಿದಿದೆ.

ಹವಳದ ದಿಬ್ಬಕ್ಕೆ ಅನುಮತಿ ಪಡೆದ ಮಾರ್ಗದರ್ಶಿಯೊಡನೆ ಮಾತ್ರ ಹೋಗಬಹುದು. ದೋಣಿಯಿಂದಿಳಿದು ಮುಖವಾಡ ಹಾಕಿ ತೇಲಿದಾಗ ಗಿಳಿಮೀನುಗಳು, ಮೆದುಳಿನ ಆಕಾರದ ಹವಳಗಳು, ಬೀಸಣಿಗೆಯಂಥ ಹವಳಗಳು ಕಂಡವು. ಜೊತೆಗೆ ಹವಳ ಸತ್ತು ಬೂದುಬಣ್ಣಕ್ಕೆ ತಿರುಗಿದ ಅಗಲವಾದ ಹಾಸುಗಳೂ ಕಂಡವು. ಒಳನಾಡಿನ ಕಾಡು ಕಡಿದ ನೆಲದಿಂದಲೂ ತೋಟಗಳಿಂದಲೂ ನದಿಗಳು ಹೊತ್ತು ತರುವ ಹೂಳು ದಶಕಗಳಿಂದ ಈ ಹವಳಗಳ ಮೇಲೆ ಕೂರುತ್ತಿದೆ. ಇದಲ್ಲದೆ 1991ರ ಏಪ್ರಿಲ್ 22ರ ಭೂಕಂಪದಲ್ಲಿ ಲಿಮೋನ್ ಕರಾವಳಿಯ ನೆಲವೇ ಮೇಲೆದ್ದು, ಆಳವಿಲ್ಲದ ಕಡೆ ಹವಳಗಳು ಗಾಳಿಗೆ ತೆರೆದುಕೊಂಡು ಸತ್ತವು. ಬಣ್ಣದ ಕರಪತ್ರಗಳನ್ನು ನಂಬಿ ಹೋದವರಿಗೆ ಇಲ್ಲಿ ನಿರಾಸೆಯಾಗಬಹುದು. ನನಗೆ ಮಾತ್ರ, ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತೋರಿಸಿದ ಮಾರ್ಗದರ್ಶಿ ಹಿಡಿಸಿದ.

ಊಟದ ಬಗ್ಗೆ ನಮಗಿದ್ದ ಚಿಂತೆ ಮೊದಲ ಮಧ್ಯಾಹ್ನವೇ ನೀಗಿತು. ರೈಲುಮಾರ್ಗಕ್ಕೂ ಬಾಳೆತೋಟಗಳಿಗೂ ದುಡಿಯಲು ಹತ್ತೊಂಬತ್ತನೆಯ ಶತಮಾನದಲ್ಲಿ ಜಮೈಕಾದಿಂದ ಬಂದವರ ವಂಶಸ್ಥರು ಈ ಕರಾವಳಿಯ ತುಂಬ ಇದ್ದಾರೆ. ಅವರ ಇಂಗ್ಲಿಷ್ ಮೂಲದ ಕ್ರಿಯೋಲ್ ಮಾತಿನಂತೆ ಅವರ ಅಡುಗೆಯೂ ದೇಶದ ಉಳಿದ ಭಾಗಕ್ಕಿಂತ ಬೇರೆಯದು. ಅಕ್ಕಿಯನ್ನೂ ಕೆಂಪು ಕಾಳನ್ನೂ ತೆಂಗಿನ ಹಾಲಿನಲ್ಲಿ ಬೇಯಿಸಿ, ಥೈಮ್ ಸೊಪ್ಪು ಮತ್ತು ಒಂದು ಇಡೀ ಖಾರದ ಮೆಣಸನ್ನು ಒಡೆಯದೆ ಹಾಕಿ ಮಾಡುವ ಅನ್ನ ಅಲ್ಲಿನ ನಿತ್ಯದ ಊಟ. ಕೋಳಿ ಬೇಡ ಎಂದರೆ ಕರಿದ ಬಾಳೆಕಾಯಿ ಮತ್ತು ಕೋಸಿನ ಪಚ್ಚಡಿಯೊಡನೆ ಕೊಡುತ್ತಾರೆ. ಒಂದು ಹೋಟೆಲಿನಲ್ಲಿ ಕರಿದ ಬಿಲ್ಲೆಗಳನ್ನು ಬಾಯಿಗಿಟ್ಟ ಕೂಡಲೇ ಅಮ್ಮ, "ಇದು ಜೀಗುಜ್ಜೆ ಅಲ್ವಾ?" ಎಂದರು. ಹೌದು, ಅದೇ, ನಮ್ಮ ಕರಾವಳಿಯಲ್ಲಿ ಪಲ್ಯ ಮಾಡುವ, ಹಲಸಿನ ಜಾತಿಯ ಕಾಯಿ. 1793ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಜೀಗುಜ್ಜೆಯ ಸಸಿಗಳನ್ನು ಕೆರಿಬಿಯನ್‌ಗೆ ತಂದದ್ದು ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂದು. ಶುಂಠಿ, ಬೆಲ್ಲ, ನಿಂಬೆ ಹಾಕಿದ ಅಗ್ವಾ ದೆ ಸಾಪೊ ಎಂಬ ಪಾನೀಯವಂತೂ ಏಲಕ್ಕಿಯೊಂದಿಲ್ಲದ ಪಾನಕವೇ. ಬೆಲೆಪಟ್ಟಿ ನೋಡುವಾಗ ಒಂದು ಅನುಕೂಲ: ಶೇಕಡಾ 13 ತೆರಿಗೆಯನ್ನೂ ಶೇಕಡಾ 10 ಸೇವಾಶುಲ್ಕವನ್ನೂ ಸೇರಿಸಿಯೇ ಬೆಲೆ ಬರೆಯಬೇಕೆಂಬ ನಿಯಮವಿದೆ. ಡಾಲರ್ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಆದರೆ ಚಿಲ್ಲರೆ ಬರುವುದು ಅಲ್ಲಿನ ಹಣವಾದ ಕೊಲೋನ್‌ನಲ್ಲಿ.

ಸಂಜೆ ಬೀದಿಯಲ್ಲಿ ಕ್ಯಾಲಿಪ್ಸೊ ಎಂಬ ಕೆರಿಬಿಯನ್ ಜನಪ್ರಿಯ ಹಾಡಿನ ಪ್ರಕಾರ ಕೇಳಿಬರುತ್ತದೆ. ಈ ಊರಿನವರೇ ಆದ ವಾಲ್ಟರ್ ಫರ್ಗ್ಯುಸನ್ ಆ ಪ್ರಕಾರದ ದೊಡ್ಡ ಹೆಸರು. 1919ರಲ್ಲಿ ಹುಟ್ಟಿ 2023ರವರೆಗೆ ಬದುಕಿದ್ದ ಅವರು ಕೃಷಿಕರಾಗಿದ್ದರು, ಹಾಡು ಕಟ್ಟುವುದು ಬಿಡುವಿನ ಕೆಲಸ. ಕೇಳಿಕೊಂಡು ಬಂದ ಪ್ರವಾಸಿಗರಿಗಾಗಿ ಪ್ರತಿ ಬಾರಿಯೂ ಹೊಸದಾಗಿ ಹಾಡಿ ಕ್ಯಾಸೆಟ್ಟಿಗೆ ತುಂಬಿ ಮಾರುತ್ತಿದ್ದರು, ತಮ್ಮ ಬಳಿ ಅದರ ನಕಲನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಮುಂದೆ ಆ ಕ್ಯಾಸೆಟ್ಟುಗಳನ್ನು ಲೋಕದ ಮೂಲೆಮೂಲೆಗಳಿಂದ ಹುಡುಕಿ ಒಟ್ಟುಗೂಡಿಸುವ ಕೆಲಸಕ್ಕೆ ಅವರ ಅಭಿಮಾನಿಗಳು ಇಳಿಯಬೇಕಾಯಿತು.

ಹೊರಡುವವರಿಗೆ ದಾರಿಯ ಕುರಿತು ಒಂದು ಮಾತು. 32ನೆಯ ಹೆದ್ದಾರಿಯ ಬೆಟ್ಟದ ಭಾಗದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಸಾಮಾನ್ಯ. ಬಾಳೆಹಣ್ಣು, ಅನಾನಸಿನ ಕಂಟೇನರುಗಳನ್ನು ಬಂದರಿಗೆ ಒಯ್ಯುವ ಲಾರಿಗಳೂ ಅದೇ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಮರಳುವ ವಿಮಾನ ಬೆಳಗಿನದಾದರೆ ಹಿಂದಿನ ರಾತ್ರಿಯೇ ವಿಮಾನನಿಲ್ದಾಣವಿರುವ ಅಲಾಹುವೇಲಾ ತಲುಪಿ ತಂಗುವುದು ಮೇಲು. ಕಡಲ ಬದಿಯ ಒಂದು ರಾತ್ರಿ ಕಳೆದುಕೊಳ್ಳುವ ಬೇಸರವಿದ್ದರೂ ನಾವು ಹಾಗೆಯೇ ಮಾಡಿದೆವು.